ಮಳೆಗಾಲ ಮುಗಿದ ಮೇಲೆ ಕಾರಿನ ಬಾಲ್ ಜಾಯಿಂಟ್ ನೋಡಿಸಿ

ಸಂಪಾದಕರಿಗೆ ನಮಸ್ಕಾರ,

ಘಾಟಿಯಲ್ಲಿ ಕಾರು ಮಗುಚಿದ ಸುದ್ದಿ ಬಂದಾಗಲೆಲ್ಲ ಕಾರಣ ಅಂತ ಒಂದೇ ಮಾತು ಇರುತ್ತದೆ, ‘ಚಾಲಕನ ನಿಯಂತ್ರಣ ತಪ್ಪಿ’. ಯಾಕೆ ತಪ್ಪಿತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ವೇಗ, ನಿದ್ದೆ, ಕುಡಿತ ಎಲ್ಲ ಇದ್ದೇ ಇರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಮುಂದಿನ ಚಕ್ರವನ್ನು ಕಾರಿನಡಿಗೆ ಜೋಡಿಸುವ ಕೀಲು, ಅಂದರೆ ಬಾಲ್ ಜಾಯಿಂಟ್, ಕಳಚಿಕೊಂಡರೂ ಸ್ಟೇರಿಂಗ್ ಹಿಡಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮತ್ತೆ ಇದು ಬಹಳ ಸಲ ಮುಂಚೆಯೇ ಪತ್ತೆಯಾಗುವ ದೋಷ, ಅದಕ್ಕೇ ಈ ಪತ್ರ.

ನಾನು ತೀರ್ಥಹಳ್ಳಿಯಲ್ಲಿ ಗ್ಯಾರೇಜ್ ನಡೆಸುತ್ತೇನೆ. ಆಗುಂಬೆ ಇಳಿದು ಉಡುಪಿ, ಮಣಿಪಾಲಕ್ಕೆ ಹೋಗಿಬರುವ ಕಾರುಗಳೇ ನನ್ನಲ್ಲಿಗೆ ಜಾಸ್ತಿ ಬರುವುದು. ಮಳೆಗಾಲ ಕಳೆದ ಮೇಲೆ ಕಾರಿನಡಿ ಮಲಗಿ ನೋಡಿದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ತೋಳು, ಅಂದರೆ ಲೋಯರ್ ಆರ್ಮ್, ಅದರ ತುದಿಯಲ್ಲಿ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿರುತ್ತದೆ, ಒಳಗಿನ ಗ್ರೀಸ್ ಕೆಂಪು ಮಣ್ಣಿನ ಜೊತೆ ಕಲಸಿ ಕಪ್ಪಗೆ ಹೊರಗೆ ಇಳಿದಿರುತ್ತದೆ. ಅಲ್ಲಿಂದಲೇ ಶುರು. ಬಾಲ್ ಜಾಯಿಂಟ್‌ನಲ್ಲಿ ನಮ್ಮ ಭುಜದ ಕೀಲಿನ ಹಾಗೆ ಒಂದು ಬಟ್ಟಲೊಳಗೆ ಉಕ್ಕಿನ ಗುಂಡು ಕೂತಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವುದೂ ಎಡಕ್ಕೆ ಬಲಕ್ಕೆ ತಿರುಗುವುದೂ ಆ ಗುಂಡಿನ ಮೇಲೇ. ನೀರು, ಮಣ್ಣು ಒಳಗೆ ಹೋದರೆ ಗುಂಡೂ ಸವೆಯುತ್ತದೆ, ಬಟ್ಟಲೂ ಸವೆಯುತ್ತದೆ. ಸವೆತ ಜಾಸ್ತಿಯಾದಾಗ ಗುಂಡು ಒಂದು ದಿನ ಬಟ್ಟಲಿನಿಂದ ಎದ್ದು ಬರುತ್ತದೆ, ಚಕ್ರ ಅಡ್ಡ ಮಲಗುತ್ತದೆ. ನಿಧಾನವಾಗಿ ಹೋಗುವಾಗ ಆದರೆ ಪುಣ್ಯ. ತಿರುವಿನಲ್ಲಿ ಆದರೆ?

ಕಾರು ಮೊದಲೇ ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕು ಅಷ್ಟೇ. ಹಂಪ್ ದಾಟುವಾಗ, ಸಣ್ಣ ಗುಂಡಿಗೆ ಇಳಿಯುವಾಗ ಮುಂದಿನಿಂದ ಟಕ್ ಟಕ್ ಅನ್ನುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಿರ್ ಅನ್ನಬಹುದು. ನೇರ ರಸ್ತೆಯಲ್ಲೂ ಕಾರು ಆ ಕಡೆ ಈ ಕಡೆ ಎಳೆಯುತ್ತದೆ, ಟೈರಿನ ಒಂದು ಅಂಚು ಮಾತ್ರ ಸವೆಯುತ್ತದೆ. ಇದೇ ಶಬ್ದ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್‌ನ ಲಿಂಕ್‌ನಿಂದಲೂ ಬರುತ್ತದೆ, ಆರ್ಮ್ ಚಾಸಿಗೆ ಕೂರುವ ಜಾಗದ ರಬ್ಬರ್ ಬುಷ್‌ನಿಂದಲೂ ಬರುತ್ತದೆ, ಹಾಗಾಗಿ ಬರೀ ಕಿವಿ ನಂಬಿ ಶಾಕ್ ಅಬ್ಸಾರ್ಬರ್ ಬದಲಾಯಿಸಿಬಿಡಬೇಡಿ. ಸುಮ್ನೆ ದುಡ್ಡು ಹೋಗುತ್ತದೆ, ಶಬ್ದ ಹಾಗೇ ಇರುತ್ತದೆ.

ಪರೀಕ್ಷೆ ಕಷ್ಟವಿಲ್ಲ, ಇಬ್ಬರಿದ್ದರೆ ಸಾಕು. ಆಲ್ಟೊ, ಸ್ವಿಫ್ಟ್‌ನಂಥ ಕಾರಾದರೆ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಚಕ್ರ ನೇತಾಡಲಿ, ಕಾರಿಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಯಾರೂ ಅಡಿಗೆ ತಲೆ ಹಾಕಬೇಡಿ. ಇನ್ನೋವಾದಂಥ ಗಾಡಿಯಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೇ ಕೂತಿರುತ್ತದೆ, ಅಲ್ಲಿ ಜಾಕ್ ಆ ಆರ್ಮ್ ಅಡಿಗೇ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಸವೆದ ಜಾಯಿಂಟ್ ಕೂಡ ಗಟ್ಟಿಯಾಗಿಯೇ ಕಾಣುತ್ತದೆ. ಆಮೇಲೆ ಒಬ್ಬರು ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಬೇಕು, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟು ನೋಡಬೇಕು. ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ ಬೆರಳಿಗೇ ತಾಗುತ್ತದೆ. ಬ್ರೇಕ್ ಒತ್ತಿ ಹಿಡಿದಾಗ ಆ ಅಲುಗಾಟ ನಿಂತರೆ ವೀಲ್ ಬೇರಿಂಗ್ ಕಡೆ ನೋಡಿ, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ. 3 ಮತ್ತು 9ರ ಜಾಗ ಹಿಡಿದಾಗ ಮಾತ್ರ ಆಡಿದರೆ ಹೆಚ್ಚಾಗಿ ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ರಾಡಿನ ತುದಿಯ ಕೀಲು, ಟೈ ರಾಡ್ ಎಂಡ್. ಕೊನೆಗೆ ಟಾಮಿ (ಮೀಟುವ ಕಬ್ಬಿಣದ ರಾಡ್) ಹಾಕಿ ಆರ್ಮ್ ಅನ್ನು ಮೆಲ್ಲಗೆ ಮೀಟಿ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಬದಲಾಯಿಸುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಜಾಯಿಂಟ್ ಲೋಯರ್ ಆರ್ಮ್ ಜೊತೆಗೇ ಬರುತ್ತದೆ, ಆಗ ಆರ್ಮ್ ಪೂರ್ತಿ ಹೊಸದು ಹಾಕುವುದೇ ಸರಿ. ಕೆಲವದರಲ್ಲಿ ಬೋಲ್ಟ್ ಬಿಚ್ಚಿ ಜಾಯಿಂಟ್ ಮಾತ್ರ ಬದಲಾಯಿಸಬಹುದು, ಕೆಲವದರಲ್ಲಿ ಪ್ರೆಸ್‌ನಲ್ಲಿ ಕೂರಿಸಬೇಕು. ಹಳೆಯದನ್ನೇ ವೆಲ್ಡಿಂಗ್ ಮಾಡಿ ಟೈಟ್ ಮಾಡಿಕೊಡ್ತೀವಿ ಅಂದರೆ ದಯವಿಟ್ಟು ಬೇಡ ಅನ್ನಿ. ಉಕ್ಕು ಬಿಸಿಗೆ ತನ್ನ ಬಲ ಕಳೆದುಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಲೈನಿಂಗ್ ಕರಗುತ್ತದೆ. ನಟ್ ಮತ್ತು ಅದು ಬಿಚ್ಚಿಕೊಳ್ಳದಂತೆ ಹಾಕುವ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಪಿನ್ನಿನ ತೂತು ಹೊಂದುತ್ತಿಲ್ಲ ಅಂತ ನಟ್ಟನ್ನು ಹಿಂದಕ್ಕೆ ಸಡಿಲಿಸುವುದು ತಪ್ಪು, ಇನ್ನೊಂದು ಚೂರು ಬಿಗಿ ಮಾಡಿ ಹೊಂದಿಸಬೇಕು. ಆರ್ಮ್‌ನ ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಆಗಬೇಕು. ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ, ಅವಸರದಲ್ಲಿ ತುಂಬಾ ಕಡೆ ಇದೇ ಆಗುವುದು.

ವೀಲ್ ಅಲೈನ್‌ಮೆಂಟ್ ಇದಾದ ಮೇಲೆ. ಜಾಯಿಂಟ್ ಸಡಿಲ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮುಂದಿನ ಗುಂಡಿಯವರೆಗೂ ಅದು ನಿಲ್ಲುವುದಿಲ್ಲ. ಅಲೈನ್‌ಮೆಂಟ್ ಅಂಗಡಿಯವರೂ ಮೊದಲು ಚಕ್ರ ಅಲ್ಲಾಡಿಸಿ ನೋಡಿ, ಪ್ಲೇ ಇದ್ದರೆ ಗಿರಾಕಿಗೆ ಹೇಳಿ ವಾಪಸ್ ಕಳಿಸಬೇಕು.

ನಮ್ಮಲ್ಲಿ ಹೊಗೆ ತಪಾಸಣೆ ಚೀಟಿ ಇಲ್ಲದಿದ್ದರೆ ದಂಡ ಬೀಳುತ್ತದೆ. ಸ್ವಂತ ಕಾರಿನ ಅಡಿಭಾಗ ಮಾತ್ರ 15 ವರ್ಷ ತುಂಬಿ ನೋಂದಣಿ ನವೀಕರಿಸುವ ತನಕ ಯಾವ ಅಧಿಕಾರಿಯೂ ನೋಡಬೇಕಾಗಿಲ್ಲ. ಅಷ್ಟು ವರ್ಷ ಮಾಲೀಕರೇ ನೋಡಿಸಿಕೊಳ್ಳಬೇಕು ಅಲ್ವಾ? ಸಾರಿಗೆ ಇಲಾಖೆಯವರು ಮಳೆಗಾಲ ಮುಗಿಯುವ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ದಿನ ಉಚಿತ ತಪಾಸಣೆ ಇಟ್ಟುಕೊಂಡರೆ ನಮ್ಮಂಥ ಗ್ಯಾರೇಜಿನವರು ಜಾಕ್ ತೆಗೆದುಕೊಂಡು ಬರಲು ಸಿದ್ಧ. ನೀವೂ ಪತ್ರಿಕೆಯಲ್ಲಿ ಹರಿದ ಬೂಟ್ ಹೇಗಿರುತ್ತದೆ ಅಂತ ಒಂದು ಫೋಟೊ ಹಾಕಿ, ಬೇಕಿದ್ದರೆ ನಮ್ಮ ಗ್ಯಾರೇಜಿಗೇ ಬಂದು ತೆಗೆದುಕೊಳ್ಳಿ.

– ಒಬ್ಬ ಮೆಕ್ಯಾನಿಕ್, ತೀರ್ಥಹಳ್ಳಿ