ವೇದಿಕೆ ಮೇಲೆ ಬಿಟ್ಟುಹೋದ ಥ್ಯಾಂಕ್ಸ್

2025ರ ಜೂನ್ 30ಕ್ಕೆ ನನ್ನ ಅಧ್ಯಕ್ಷಗಿರಿ ಮುಗಿಯಿತು. ಲಯನ್ಸ್ ಕ್ಲಬ್ಬಿನಲ್ಲಿ ವರ್ಷ ಅಂದರೆ ಜುಲೈನಿಂದ ಜೂನ್. ಹೊಸ ಅಧ್ಯಕ್ಷರ ಪದಗ್ರಹಣದ ದಿನ ನನಗೂ ಐದು ನಿಮಿಷ ಮೈಕ್ ಕೊಟ್ಟಿದ್ದರು. ವೇದಿಕೆ ಮೇಲಿದ್ದವರ ಹೆಸರೆಲ್ಲ ಸರಿಯಾಗಿ ಹೇಳಿದೆ, ಚೀಟಿ ಬರೆದುಕೊಟ್ಟಿದ್ದರಲ್ಲ. ನಿಜವಾಗಿ ಹೇಳಬೇಕಾದವರು ಯಾರೂ ಆ ಚೀಟಿಯಲ್ಲಿ ಇರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಒಬ್ಬೊಬ್ಬರೇ ನೆನಪಾದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ವರ್ಷದಲ್ಲಿ ಎರಡು ರಕ್ತದಾನ ಶಿಬಿರ ಮಾಡಿದೆವು, ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಟ್ಟೆವು, ಗಿಡ ನೆಟ್ಟೆವು. ಗಿಡ ಎಷ್ಟು ಬದುಕಿವೆ ಅಂತ ಮಾತ್ರ ಕೇಳಬೇಡಿ. ಇವಕ್ಕೆಲ್ಲ ದುಡಿದವರಿಗೆ ನಮಸ್ಕಾರ. ಆದರೆ ನನ್ನ ಮನಸ್ಸಿನಲ್ಲಿ ಕೂತಿರುವುದು ಮಾರ್ಚ್‌ನ ಕಣ್ಣಿನ ಶಿಬಿರ.

ಶಿಬಿರವನ್ನು ಜನವರಿಯಲ್ಲಿ ಇಡೋಣ ಅಂದಿದ್ದೆ. ಸಾಗರ ತಾಲೂಕಿನ ಕರೂರು ಹೋಬಳಿಯ ಆಶಾ ಕಾರ್ಯಕರ್ತೆಯೊಬ್ಬರು ಫೋನಿನಲ್ಲೇ ನಕ್ಕರು. "ಅಡಿಕೆ ಕೊನೆಕೊಯ್ಲು ಮುಗೀದೆ ಯಾರು ಬರ್ತಾರೆ ಸಾರ್? ಕಣ್ಣು ಕಾಣದೇ ಇದ್ರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಾರೆ." ಸರಿ, ಮಾರ್ಚ್‌ಗೆ ಹೋಯಿತು. ನಾವು ದೊಡ್ಡ ಬ್ಯಾನರ್ ಬರೆಸಿ ಬಸ್ ನಿಲ್ಲುವಲ್ಲಿ ಕಟ್ಟಿಸಿದೆವು. ಅರ್ಧ ಬ್ಯಾನರ್ ನಮ್ಮ ಮುಖಗಳೇ. ಅದಕ್ಕೂ ಅವರು ಬಿಡಲಿಲ್ಲ. "ಪೊರೆ ಬಂದವರಿಗೆ ಬ್ಯಾನರ್ ಕಾಣುತ್ತಾ ಸಾರ್?" ಅಂದರು. ಆಮೇಲೆ ತಾವೇ ಮನೆಮನೆಗೆ ಹೋಗಿ ಹೇಳಿದರು. ಬಸ್ಸಿನ ಕಂಡಕ್ಟರ್ ಒಬ್ಬರು ಟಿಕೆಟ್ ಹರಿಯುವಾಗ ವಯಸ್ಸಾದವರಿಗೆಲ್ಲ ತಾರೀಖು ಹೇಳಿ ಕಳಿಸಿದರು. ಜನ ಬಂದದ್ದು ಇವರಿಬ್ಬರ ಬಾಯಿಂದ, ಬ್ಯಾನರಿನಿಂದಲ್ಲ.

ಕಣ್ಣಿನ ಕೆಲಸ ಲಯನ್ಸ್‌ಗೆ ಹೊಸದಲ್ಲ. 1925ರ ಜೂನ್ 30ರಂದು ಅಮೆರಿಕದ ಒಹಾಯೊದಲ್ಲಿ ನಡೆದ ಸಮಾವೇಶಕ್ಕೆ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲರ್ ಬಂದು, ಕುರುಡುತನದ ವಿರುದ್ಧ ನಿಲ್ಲಿ ಅಂತ ಲಯನ್ಸ್ ಸದಸ್ಯರನ್ನು ಕೇಳಿಕೊಂಡಿದ್ದರು. ನಾನು ಕುರ್ಚಿ ಬಿಟ್ಟ ದಿನಕ್ಕೆ ಸರಿಯಾಗಿ ನೂರು ವರ್ಷ. ಇದನ್ನು ಭಾಷಣದಲ್ಲಿ ಹೇಳಬೇಕು ಅಂತ ಎರಡು ದಿನ ಉರು ಹೊಡೆದಿದ್ದೆ. ಅದೂ ಮರೆತುಹೋಯಿತು.

ಶಿಬಿರದಲ್ಲಿ ಆಪರೇಷನ್ ಬೇಕು ಅಂತ ಬರೆದುಕೊಟ್ಟದ್ದು 19 ಜನರಿಗೆ. ಅವರಲ್ಲಿ ನಾಲ್ವರಿಗೆ ಶುಗರ್ ಜಾಸ್ತಿ ಇತ್ತು. ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಅಂದರು ಡಾಕ್ಟರು. ಒಬ್ಬ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ತಮ್ಮಾ, ನಂಗೆ ಯಾರ ಕಣ್ಣು ಹಾಕ್ತಾರೆ?" 2021ರಲ್ಲಿ ಅಪ್ಪು ತೀರಿಕೊಂಡಾಗ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ, ಆ ಸುದ್ದಿ ಅಜ್ಜನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಣ್ಣು ಪರೀಕ್ಷೆ ಮಾಡುತ್ತಿದ್ದ ಹುಡುಗಿ ಐವತ್ತು ಜನರ ಸಾಲು ಬಿಟ್ಟು ಅಜ್ಜನ ಪಕ್ಕ ಕೂತಳು. ದಾನದಿಂದ ಬರುವುದು ಕಣ್ಣಿನ ಮುಂಭಾಗದಲ್ಲಿ ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪದರ, ಅದು ಬೇರೆ ಕಾಯಿಲೆಗೆ, ನಿಮಗೆ ಒಳಗೆ ಮಬ್ಬಾದ ಮಸೂರ ತೆಗೆದು ಪ್ಲಾಸ್ಟಿಕ್ಕಿನದು ಇಡುತ್ತಾರೆ ಅಂತ ಬಿಡಿಸಿ ಹೇಳಿದಳು. "ಹಂಗಾದ್ರೆ ಅಪ್ಪೂದು ಅಲ್ಲ" ಅಂತ ಅಜ್ಜನಿಗೆ ಸ್ವಲ್ಪ ಬೇಜಾರೇ ಆಯಿತು. ಆದರೂ ಬಸ್ ಹತ್ತಿದರು. ಆ ಹುಡುಗಿಗೆ ದೊಡ್ಡ ಥ್ಯಾಂಕ್ಸ್.

ಇನ್ನು ನನ್ನ ತಪ್ಪಿನ ವಿಷಯ.

ಹದಿನೈದು ಜನರಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮೂರನೇ ದಿನ ಮಧ್ಯಾಹ್ನ ವಾಪಸ್ ಬಂದರು. ಎಲ್ಲರಿಗೂ ಕರಿ ಕನ್ನಡಕ, ಕೈಯಲ್ಲಿ ಔಷಧಿ ಚೀಲ. ಅವರಲ್ಲಿ ಹನ್ನೊಂದು ಜನ ಶರಾವತಿ ಹಿನ್ನೀರಿನ ಆಚೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ ಕಡೆಯವರಿಗೆ ಪೇಟೆಗೆ ಬರಲು ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಅದು ತಪ್ಪಿದರೆ ಕಾಡುದಾರಿಯಲ್ಲಿ ಊರೆಲ್ಲ ಸುತ್ತಬೇಕಿತ್ತು. ಕೊನೆಯ ಲಾಂಚ್ ಸಂಜೆಗೇ ಹೊರಡುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಲ್ಲರನ್ನೂ ಕ್ಲಬ್ ಹಾಲಿನಲ್ಲಿ ಕೂರಿಸಿದೆ. ಯಾಕೆ? ಅತಿಥಿಯೊಬ್ಬರು ಬರುವವರಿದ್ದರು, ಅವರ ಜೊತೆ ಫೋಟೋ ಬೇಕಿತ್ತು. ಮುಕ್ಕಾಲು ಗಂಟೆ ಕಾದೆವು. ಫೋಟೋ ಚೆನ್ನಾಗಿಯೇ ಬಂತು.

ಲಾಂಚ್ ಹೊರಡುವ ಅಂಬಾರಗೋಡ್ಲು ದಡಕ್ಕೆ ನಮ್ಮ ವ್ಯಾನ್ ಮುಟ್ಟಿದಾಗ ಲಾಂಚ್ ಆಗಲೇ ನೀರಿನ ನಡುವೆ ಇತ್ತು. ಲಾಂಚಿನವರದ್ದೇನೂ ತಪ್ಪಿಲ್ಲ, ಅವರು ಹೊತ್ತಿಗೆ ಸರಿಯಾಗಿ ಹೊರಟಿದ್ದರು. ಕತ್ತಲಾಗುತ್ತಿತ್ತು. ಹನ್ನೊಂದು ಮುದುಕರು ಸಾಲಾಗಿ ನಿಂತು, ಕಾಣದ ಲಾಂಚಿನ ಸದ್ದು ಕೇಳುತ್ತಿದ್ದರು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆಗ ಪಕ್ಕದ ಮನೆಯ ಅಕ್ಕ ಅಂಗಳಕ್ಕೆ ಬಂದರು. ಏನು ಎತ್ತ ಕೇಳಲೇ ಇಲ್ಲ. "ಇಲ್ಲೇ ನಿಂತ್ರೆ ಎಂತ ಆಗ್ತದೆ, ಒಳಗೆ ಬನ್ನಿ" ಅಂದರು. ಜಗಲಿ ಗುಡಿಸಿ ಚಾಪೆ ಹಾಸಿದರು. ಗಂಜಿ ಮಾಡಿದರು, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಒಲೆಯ ಹೊಗೆ ಕಣ್ಣಿಗೆ ಹೋಗಬಾರದು ಅಂತ ನಾನು ಹೇಳುವ ಮೊದಲೇ ಅಡುಗೆಮನೆ ಬಾಗಿಲು ಎಳೆದುಕೊಂಡಿದ್ದರು. ಅವರ ತಾಯಿಗೂ ಈ ಆಪರೇಷನ್ ಆಗಿತ್ತಂತೆ.

ಲಯನ್ಸ್‌ನ ಯುವಕರ ವಿಭಾಗವಾದ ನಮ್ಮ ಲಿಯೋ ಕ್ಲಬ್ಬಿನ ಹುಡುಗ, ಪಿಯುಸಿ ಓದುವವನು, ಮನೆಗೆ ಹೋಗು ಅಂದರೂ ಹೋಗಲಿಲ್ಲ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡ. ಸೋಪು ಹಚ್ಚಿ ಕೈ ತೊಳೆದು, ಕೆಳರೆಪ್ಪೆ ಮೆಲ್ಲಗೆ ಎಳೆದು, ಬಾಟಲಿ ಕಣ್ಣಿಗೆ ತಾಗದ ಹಾಗೆ ಒಂದೇ ಹನಿ. ಎರಡು ಔಷಧಿ ಇದ್ದವರಿಗೆ ಐದು ನಿಮಿಷ ಬಿಟ್ಟು ಇನ್ನೊಂದು. ಹನ್ನೊಂದನೆಯವರದ್ದು ಮುಗಿಯುವಷ್ಟರಲ್ಲಿ ಅವನ ಸೊಂಟ ಹಿಡಿದಿತ್ತು. ನಾನು ಟಾರ್ಚ್ ಹಿಡಿದುಕೊಂಡಿದ್ದೆ, ಅಷ್ಟೇ. ಬೆಳಿಗ್ಗೆ ಮೊದಲ ಲಾಂಚಿಗೆ ಎಲ್ಲರನ್ನೂ ಕೈಹಿಡಿದು ಹತ್ತಿಸಿದ್ದೂ ಅವನೇ.

ಆಪರೇಷನ್ ಆದರೆ ಮುಗಿಯಿತು ಅಂತ ನಾವು ತಿಳಿದಿರುತ್ತೇವೆ. ನಮ್ಮ ವರದಿಯಲ್ಲಿ ಬರುವುದೂ ಅಲ್ಲಿಯವರೆಗೇ. ಕಷ್ಟದ ಕೆಲಸ ಇರುವುದು ಆಮೇಲಿನ ಆರು ವಾರ. ಮೊದಲ ವಾರ ದಿನಕ್ಕೆ ಆರು ಸಲ ಹನಿ, ಮುಂದಿನ ವಾರ ಐದು, ಹೀಗೆ ಇಳಿಸುತ್ತಾ ಹೋಗಬೇಕು. ತಲೆಗೆ ನೀರು ಹಾಕಬಾರದು, ಹೊರೆ ಎತ್ತಬಾರದು. ಓದು ಬಾರದ, ಒಂಟಿಯಾಗಿರುವ ಅಜ್ಜಿಗೆ ಈ ಲೆಕ್ಕ ಹೇಗೆ ನೆನಪಿರಬೇಕು? ಮತ್ತೆ ಆ ಆಶಾ ಅವರೇ ದಾರಿ ಹುಡುಕಿದರು. ಎರಡು ಲೋಟ, ಆರು ಅಡಿಕೆ. ಒಂದು ಸಲ ಹನಿ ಹಾಕಿದರೆ ಒಂದು ಅಡಿಕೆ ಆಚೆ ಲೋಟಕ್ಕೆ. ರಾತ್ರಿ ಮಲಗುವಾಗ ಈಚೆ ಲೋಟ ಖಾಲಿ ಇರಬೇಕು. ವಾರಕ್ಕೊಮ್ಮೆ ಇವರು ಹೋಗಿ ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು ಬರುತ್ತಿದ್ದರಂತೆ. ನಮ್ಮ ಕ್ಲಬ್ಬಿನ ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಐಡಿಯಾ ಯಾರಿಗೂ ಹೊಳೆದಿಲ್ಲ, ನನಗಂತೂ ಇಲ್ಲವೇ ಇಲ್ಲ.

ಮೆಡಿಕಲ್ ಶಾಪಿನ ಗೆಳೆಯನಿಗೂ ಋಣಿ. ಬಾಟಲಿ ಖಾಲಿಯಾದವರಿಗೆ ಹೊಸದು ಕಳಿಸಿ ಬಿಲ್ ಕಳಿಸಲು "ಮರೆತ". ಈಗಲೂ ಮರೆತಿದ್ದಾನೆ. ನಮ್ಮ ಟೇಲ್ ಟ್ವಿಸ್ಟರ್‌ಗೂ ಥ್ಯಾಂಕ್ಸ್. ಲಯನ್ಸ್‌ನಲ್ಲಿ ಇದೊಂದು ಮಜವಾದ ಹುದ್ದೆ, ಸಭೆಯಲ್ಲಿ ಏನಾದರೊಂದು ನೆಪ ತೆಗೆದು ಸದಸ್ಯರಿಗೆ ದಂಡ ಹಾಕುವುದೇ ಕೆಲಸ. ಲಾಂಚ್ ತಪ್ಪಿಸಿದ್ದಕ್ಕೆ ಆತ ನನಗೆ ಹಾಕಿದ ದಂಡದಲ್ಲಿ ನಾಲ್ಕು ಜನರ ಕನ್ನಡಕ ಬಂತು. ಕಮ್ಮಿಯೇ ಹಾಕಿದ ಅನ್ನಿಸುತ್ತದೆ. ಶುಗರ್ ಇದ್ದ ನಾಲ್ವರಲ್ಲಿ ಇಬ್ಬರು ಮೇ ತಿಂಗಳಲ್ಲಿ ಹೋಗಿ ಆಪರೇಷನ್ ಮಾಡಿಸಿಕೊಂಡರು. ಇನ್ನಿಬ್ಬರು ಹೋಗಲಿಲ್ಲ. ಅವರ ಹೆಸರು ಹೊಸ ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇನೆ.

ದಡದ ಮನೆಯ ಅಕ್ಕನಿಗೆ ಸನ್ಮಾನ ಮಾಡಬೇಕು ಅಂತ ಶಾಲು ಹಿಡಿದು ಹೋಗಿದ್ದೆವು. "ಇದನ್ನ ಹೊದ್ದುಕೊಂಡು ಗದ್ದೆಗೆ ಹೋಗ್ಲಾ?" ಅಂತ ನಕ್ಕು, ಚಹಾ ಕುಡಿಸಿ, ಶಾಲು ವಾಪಸ್ ಕೊಟ್ಟು ಕಳಿಸಿದರು.

ಜುಲೈ 14ಕ್ಕೆ ಅದೇ ಹಿನ್ನೀರಿನ ಮೇಲೆ ಕಟ್ಟಿದ ಸೇತುವೆ ಉದ್ಘಾಟನೆಯಾಯಿತು. ಅದಾದ ಒಂದು ವಾರಕ್ಕೆ ಹೆಂಡತಿಯನ್ನು ಕರೆದುಕೊಂಡು ಆಚೆ ಹೋಗಿದ್ದೆ. ಜೋರು ಮಳೆ. ಗಂಟೆಗಟ್ಟಲೆ ಕಾಯುತ್ತಿದ್ದ ನೀರನ್ನು ಕಾರಿನಲ್ಲಿ ಕೆಲವೇ ನಿಮಿಷಕ್ಕೆ ದಾಟಿದೆವು. ಎರಡು ಲೋಟದ ಅಜ್ಜಿ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಲೋಟ ಎರಡೂ ಇನ್ನೂ ಗೂಡಿನಲ್ಲೇ ಇದ್ದವು. ನಾನು "ಅಜ್ಜಿ, ಕಣ್ಣು ಹೆಂಗಿದೆ?" ಅಂದೆ. ದನಿಯ ಮೇಲೆ ಗುರುತು ಹಿಡಿದು ತಲೆ ಎತ್ತಿದರು. ಕನ್ನಡಕ ಸರಿ ಮಾಡಿಕೊಂಡು, ಮೇಲಿಂದ ಕೆಳಗೆ ಎರಡೆರಡು ಸಲ ನೋಡಿದರು.

"ಓ, ನೀನಾ ತಮ್ಮಾ! ದನಿ ಕೇಳಿ ಒಳ್ಳೇ ಎತ್ತರದ ಆಳು ಅಂದ್ಕೊಂಡಿದ್ದೆ."

ಹೆಂಡತಿ ಇನ್ನೂ ನಗುವುದು ನಿಲ್ಲಿಸಿಲ್ಲ.