ಚಾಮುಂಡಿಬೆಟ್ಟ ಹತ್ತಿದರೆ ಸಾಲದು

ಮಾನ್ಯರೇ,

ಪೆರುವಿನ ಬೆಟ್ಟಸೀಮೆಯ ಮೂಲನಿವಾಸಿಗಳಾದ ಕೆಚುವಾ ಜನರ ಹಳ್ಳಿಗಳ ಚಾರಣಕ್ಕೆಂದು ನಮ್ಮೂರಿನವರು ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ತಯಾರಾಗುತ್ತಾರೆ. ಕಾಲಿಗೆ ಒಳ್ಳೆಯದೇ; ಎತ್ತರಕ್ಕೆ ಮೈ ಒಗ್ಗುವುದು ಬೇರೆ ಮಾತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಅಲ್ಲಿನ ಕುಸ್ಕೊ ನಗರ 3,400. ಔಸಂಗಾತೆ ಶಿಖರ ಸುತ್ತುವ ದಾರಿಯಂತೂ 5,000 ದಾಟುತ್ತದೆ. ಕುಸ್ಕೊದಲ್ಲಿ ಎರಡು ಮೂರು ದಿನ ತಂಗಿ. ಆಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚದಿರಲಿ. ತಲೆನೋವಿನ ಜೊತೆ ವಾಂತಿಯಾದರೆ ಹತ್ತುವುದು ನಿಲ್ಲಿಸಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಕೆಳಗಿಳಿಯಲೇಬೇಕು. ಕೋಕಾ ಎಲೆಯ ಕಷಾಯ ಇದಕ್ಕೆ ಮದ್ದಲ್ಲ. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯ ಅನ್ನ ನಡುವೆ ಗಟ್ಟಿ ಉಳಿಯುತ್ತದೆ. ಅನ್ನ-ಸಾರಿನ ಹಟ ಬಿಟ್ಟು ಊರವರು ಕೊಡುವ ಆಲೂಗಡ್ಡೆ ಉಣ್ಣಿ. ಕೊಳ್ಳಲು ಪೆರುವಿನ ಹಣವಾದ ಸೋಲ್‌ನ ಚಿಲ್ಲರೆ ನೋಟು ಜೇಬಿನಲ್ಲಿರಲಿ.

– ಚಾರಣಾಸಕ್ತರು, ಕುವೆಂಪುನಗರ, ಮೈಸೂರು