ದೋಸ್ತ, ಕಸದ ಕೆಲಸದ ಬಗ್ಗೆ ಕೇಳಿದ್ದೆಯಲ್ಲ

ದೋಸ್ತ,

ಹೆಂಗಿದ್ದೀಯ? ಸಿರುಗುಪ್ಪದಲ್ಲಿ ಭತ್ತದ ಕಟಾವು ಮುಗಿಯಿತಾ? ಕ್ಯಾಂಪಸ್‌ನಲ್ಲಿ ಕಸ ಆರಿಸ್ತೀಯಂತೆ, ನಿಜಾನಾ ಅಂತ ಕೇಳಿದ್ದೆ. ನಿಜ ಕಣೋ. ಬಳ್ಳಾರಿಗೆ ಬಂದು ಎಂ.ಎ. ಸೇರಿದ ಮೇಲೆ ಮೆಸ್ ಬಿಲ್ಲಿಗೂ ಪರೀಕ್ಷೆ ಫೀಸಿಗೂ ಪ್ರತಿ ಸಲ ಅಪ್ಪನನ್ನೇ ಕೇಳೋಕೆ ಮನಸ್ಸು ಬರಲಿಲ್ಲ. ಸ್ಕಾಲರ್‌ಶಿಪ್ ಅಂತೂ ಬಂದಾಗ ಬಂತು. ಮೊದಲು ಒಂದು ಜೀನ್ಸ್ ಯೂನಿಟ್‌ನಲ್ಲಿ ದಾರ ಕತ್ತರಿಸೋಕೆ ಹೋಗ್ತಿದ್ದೆ. ಪೀಸಿಗೆ ಇಷ್ಟು ಅಂತ ದುಡ್ಡು, ಆರ್ಡರ್ ಜಾಸ್ತಿ ಇದ್ದರೆ ರಾತ್ರಿಯೆಲ್ಲ ಅಲ್ಲೇ, ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ. ಈ ಕೆಲಸಕ್ಕಾದರೆ ಕ್ಲಾಸ್ ಮುಗಿಸಿ ಸಂಜೆ ಕ್ಯಾಂಪಸ್‌ನಲ್ಲೇ ಇರೋ ಕಸ ಬೇರ್ಪಡಿಸೋ ಶೆಡ್ಡಿಗೆ ಹೋದರಾಯಿತು.

ನೀರಿನ ಬಾಟಲಿ ನೋಡು, ಕೈಯಲ್ಲಿ ಒಂದೇ ವಸ್ತು, ಆದರೆ ಅದರಲ್ಲಿ ಎರಡು ಜಾತಿ ಪ್ಲಾಸ್ಟಿಕ್. ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತಲ್ಲ, ಅದು ಪೆಟ್. ಮುಚ್ಚಳ ಬೇರೆ. ಬಕೆಟ್ ನೀರಿಗೆ ಹಾಕು: ಪೆಟ್ ತುಂಡು ಮುಳುಗುತ್ತೆ, ಮುಚ್ಚಳ ತೇಲುತ್ತೆ. ನಮಗೆ ಕಲಿಸಿದ ಗುಡಿಸುವ ಅಕ್ಕನಿಗೆ ನೀರೂ ಬೇಡ, ನಂಬರೂ ಬೇಡ, ಹಿಸುಕಿದಾಗ ಬರುವ ಸದ್ದಿನಲ್ಲೇ ಯಾವ ಚೀಲಕ್ಕೆ ಅಂತ ಹೇಳಿಬಿಡ್ತಾರೆ. ನನಗೆ ಇನ್ನೂ ಬಂದಿಲ್ಲ.

ರದ್ದಿ, ರಟ್ಟು, ಹಾಲಿನ ಪಾಕೀಟು ಗುಜರಿಯವನು ಸಂತೋಷವಾಗಿ ತಗೊಳ್ತಾನೆ. ರಟ್ಟು ನೆನೆದಿದ್ದರೆ ಮಾತ್ರ ತೂಕದಲ್ಲಿ ಕಡಿತಾನೆ, ಅದರಲ್ಲಿ ಅವನ ತಪ್ಪೇನಿಲ್ಲ. ತಲೆನೋವು ಇರೋದು ಚಹಾದ ಕಪ್ಪಿನಲ್ಲಿ. ಪೇಪರ್ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತೆ, ರದ್ದಿಗೆ ಸೇರಲ್ಲ. ಚಿಪ್ಸ್ ಪಾಕೀಟಿಗೂ ಇಲ್ಲಿ ಗಿರಾಕಿ ಇಲ್ಲ. ಇನ್ನು ನಮ್ಮ ಒಗ್ಗರಣೆ-ಮಿರ್ಚಿ ಕಟ್ಟಿಕೊಟ್ಟ ಪೇಪರ್! ಎಣ್ಣೆ ಕುಡಿದು ಕೂತಿರುತ್ತೆ, ಅದೊಂದು ಉಂಡೆ ಚೀಲಕ್ಕೆ ಬಿದ್ದರೆ ಒಳ್ಳೆ ರದ್ದಿಯೂ ಹಾಳು. ಮಿರ್ಚಿ ಬಿಡು ಅಂತ ನಾನು ಯಾರಿಗೂ ಹೇಳಲ್ಲ, ಪೇಪರ್ ಹಸಿ ಕಸಕ್ಕೆ ಹಾಕಿ ಅಷ್ಟೇ. ಪ್ಲಾಸ್ಟಿಕ್ ಚಮಚ, ಥರ್ಮೋಕೋಲ್ ತಟ್ಟೆ 2022ರ ಜುಲೈ 1ರಿಂದಲೇ ದೇಶದಲ್ಲೆಲ್ಲ ನಿಷೇಧ. ಫೆಸ್ಟ್ ಮುಗಿದ ಮರುದಿನ ಶೆಡ್ಡಿಗೆ ಬಂದು ನೋಡು, ನಿಷೇಧ ಅಂದರೇನು ಗೊತ್ತಾಗುತ್ತೆ.

ನಾಚಿಕೆ ಆಗಲ್ವಾ ಅಂದಿದ್ದೆ. ಶುರುವಿನಲ್ಲಿ ಆಯಿತು. ಕ್ಲಾಸ್‌ಮೇಟ್ ಒಬ್ಬ ನಾನು ಗೋಣಿಚೀಲ ಎಳೆಯೋದು ಕಂಡು ದಾರಿ ಬದಲಿಸಿದ್ದ, ಈಗ ಅವನೇ ಹಳೇ ನೋಟ್ಸ್ ಸಿಕ್ಕರೆ ಎತ್ತಿಡು ಅಂತಾನೆ. ನನಗೆ ಜಾಸ್ತಿ ಸಿಟ್ಟು ಬರೋದು ದುಡ್ಡಿನ ವಿಷಯಕ್ಕೆ. ಕೆಲಸ ಈ ತಿಂಗಳು, ಕೂಲಿ ಯಾವಾಗಲೋ, ಕೇಳಿದರೆ ಫೈಲ್ ಮೇಲೆ ಹೋಗಿದೆ ಅಂತಾರೆ. ಮೆಸ್‌ನವರು ಹಾಗೆ ಕಾಯ್ತಾರಾ ಹೇಳು? ಅದಕ್ಕೇ ಒಂದು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಸೇರಬೇಕು.

ಮುಂದಿನ ವರ್ಷ ನೀನೂ ಇಲ್ಲಿಗೇ ಬರೋದಾದರೆ ಮೊದಲೇ ತಿಳಿಸು, ಸೂಪರ್‌ವೈಸರ್‌ಗೆ ಒಂದು ಮಾತು ಹೇಳಿಡ್ತೀನಿ. ತುಂಬು ತೋಳಿನ ಹಳೇ ಅಂಗಿ ತಗೊಂಡು ಬಾ. ಗ್ಲೌಸ್ ಕೊಡದೆ ಯಾರಾದರೂ ಚೀಲಕ್ಕೆ ಕೈ ಹಾಕು ಅಂದರೆ ಹಾಕಬೇಡ, ಒಡೆದ ಟ್ಯೂಬ್‌ಲೈಟೂ ಅದರಲ್ಲೇ ಬಂದಿರುತ್ತೆ. ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ ದೋಸ್ತ